ಮನೆಯ ನಾಡಿ ಹಿಡಿದ ಅತ್ತೆ

ನಮ್ಮ ಸೋದರತ್ತೆ ಮನೆಯ ನಾಡಿ ನೋಡುತ್ತಾರೆ. ನಗಬೇಡಿ! ಆಕ್ಲೆಂಡಿನಲ್ಲಿ ನರ್ಸ್ ಆಗಿ ನಿವೃತ್ತರಾದವರು. ಕೆಲಸ ಬಿಟ್ಟರೂ ಸ್ಟೆತಸ್ಕೋಪ್ ಬಿಡಲಿಲ್ಲ. ಈಗ ಅವರಿಗಿರುವುದು ಒಂದೇ ರೋಗಿ: ಊರಿನಿಂದ ಉತ್ತರಕ್ಕೆ, ಕಡಲಂಚಿನಲ್ಲಿರುವ, ಈಗ ಮ್ಯೂಸಿಯಂ ಆಗಿರುವ ಹಳೇ ಮರದ ಮನೆ. ಶನಿವಾರಕ್ಕೊಮ್ಮೆ ಅಲ್ಲಿ ಸ್ವಯಂಸೇವೆ.

ಮೊದಲ ಸಲ ನನ್ನನ್ನು ಎಳೆದುಕೊಂಡು ಹೋದಾಗ ದಾರಿಯುದ್ದಕ್ಕೂ ಗೊಣಗಿದೆ. ಶನಿವಾರ ಹಾಯಾಗಿ ಮಲಗುವುದು ಬಿಟ್ಟು ಇದೇನು ಗ್ರಹಚಾರ? ಗೇಟು ದಾಟುತ್ತಲೇ ಬಾಯಿ ಮುಚ್ಚಿತು. ನಡುವೆ ಬಾಗಿಲು, ಎಡಕ್ಕೆ ಎರಡು ಕಿಟಕಿ, ಬಲಕ್ಕೆ ಎರಡು, ಬಾಗಿಲ ಮೇಲೆ ಬೀಸಣಿಗೆ ಬಿಚ್ಚಿಟ್ಟಂಥ ಗಾಜು. ಅಮೆರಿಕದಿಂದ ತಿಮಿಂಗಿಲ ಬೇಟೆಗೆ ಬಂದ ಕಪ್ತಾನನೊಬ್ಬ ಇಲ್ಲೇ ನೆಲೆನಿಂತು, ತನ್ನೂರಿನ ಫೆಡರಲ್ ಶೈಲಿಯ ಮನೆಯನ್ನು ಬರೀ ನೆನಪಿನಿಂದ ಇಲ್ಲಿನ ಕೌರಿ ಮರದಲ್ಲಿ ಕಟ್ಟಿಸಿದನಂತೆ. ಒಳಗಿನ ಮೆಟ್ಟಿಲೋ, ಸುತ್ತಿಕೊಂಡು ಮೇಲೇರುತ್ತದೆ. ಕೆಳಗೆ ಆಸರೆಗೆ ಒಂದು ಕಂಬವೂ ಇಲ್ಲ!

"ಇದು ಹೆಂಗೆ ನಿಂತಿದೆ ಅತ್ತೆ?"

"ಇಂಜಿನಿಯರ್ ನೀನೋ ನಾನೋ?"

"ನಾನು ಸಾಫ್ಟ್‌ವೇರ್ ಇಂಜಿನಿಯರ್."

"ಅದಕ್ಕೇ ಕೇಳ್ತಿದೀಯ!" ಎಂದವರೇ ಬಾಗಿಲ ಚೌಕಟ್ಟಿಗೆ ಸ್ಟೆತಸ್ಕೋಪ್ ಒತ್ತಿದರು. ಮರ ಕೊರೆಯುವ ಹುಳುವಿನ ಸದ್ದು ಕೇಳುತ್ತದಂತೆ! "ಉಶ್!" ಎಂದು ಗದರಿದ್ದಕ್ಕೆ ಒಂದು ಬಸ್ಸಿನಷ್ಟು ಪ್ರವಾಸಿಗರು ಉಸಿರು ಬಿಗಿಹಿಡಿದು ನಿಂತರು.

ಕಳೆದ ಚಳಿಗಾಲದಲ್ಲಿ ಕಡಲು ಮನೆಯ ಮುಂದಿನ ಅಂಗಳವನ್ನೇ ನುಂಗಿತು. ಇನ್ನೊಂದು ಬಿರುಗಾಳಿ ಬಂದರೆ ಮನೆಯೂ ನೀರುಪಾಲು. ಮನೆಯನ್ನು ಎತ್ತಿ ಹಿಂದಿನ ದಿಬ್ಬದ ಮೇಲಿಡುವುದೆಂದು ಅದನ್ನು ನೋಡಿಕೊಳ್ಳುವವರು ನಿರ್ಧರಿಸಿದರು. ಈ ದೇಶದಲ್ಲಿ ಮನೆಯನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವುದು ಮಾಮೂಲು. ಆದರೆ ಈ ಮುದುಕನ ಮೂಳೆ ತಡೆಯಬೇಕಲ್ಲ? ಅತ್ತೆ ಊಟ ಬಿಟ್ಟರು.

"ಆಪರೇಷನ್‌ಗೆ ಮುಂಚೆ ಊಟ ಬಿಡಬೇಕಾದ್ದು ರೋಗಿ, ನರ್ಸ್ ಅಲ್ಲ!" ಎಂದೆ. ನನ್ನ ಮಗಳು, "ಅಜ್ಜಿ, ಇಟ್ಸ್ ಜಸ್ಟ್ ಎ ಹೌಸ್!" ಎಂದಳು. ಇಬ್ಬರನ್ನೂ ಅತ್ತೆ ದುರುಗುಟ್ಟಿ ನೋಡಿದರು.

ಮನೆ ಎತ್ತುವ ದಿನ ಬೆಳಿಗ್ಗೆ ಜಾಕ್‌ಗಳು ಏರಿದವು. ಮರ ನರಳಿತು. ಇಡೀ ಮನೆ, ಗಾಜು ಮೆಟ್ಟಿಲುಗಳ ಸಮೇತ, ನೆಲ ಬಿಟ್ಟು ಮೇಲೆದ್ದಿತು. ಅದರ ಅಡಿಯಿಂದ ಆಚೆಯ ಸಮುದ್ರ ಕಾಣುತ್ತಿತ್ತು! ಲಾರಿ ಆಮೆಯಂತೆ ತೆವಳಿತು. ಬೇಲಿಯ ಈಚೆ ಅತ್ತೆ ಅದರ ಜೊತೆಜೊತೆಗೇ ನಡೆಯುತ್ತ, "ಆಯ್ತು ಕಣಪ್ಪ, ಇನ್ನೊಂದ್ ಸ್ವಲ್ಪ ತಡ್ಕೋ" ಎನ್ನುತ್ತಿದ್ದರು. ಅಮೆರಿಕದ ಮನೆಗೆ ಮೈಸೂರಿನ ಕನ್ನಡ ಅರ್ಥವಾಯಿತೋ ಏನೋ, ಸಂಜೆ ಹೊಸ ಅಡಿಪಾಯದ ಮೇಲೆ ಕುಳಿತಾಗ ಆ ಬೀಸಣಿಗೆ ಗಾಜಿನಲ್ಲಿ ಒಂದು ಬಿರುಕೂ ಇರಲಿಲ್ಲ.

ಅತ್ತೆ ಕಾರಿನಿಂದ ಹಾಲು, ಪಾತ್ರೆ, ಕ್ಯಾಂಪಿಂಗ್ ಒಲೆ ಇಳಿಸಿದರು. ಹೊಸ ಜಾಗವೆಂದ ಮೇಲೆ ಹಾಲು ಉಕ್ಕಿಸಬೇಡವೇ? ಕೆಲಸದವರೆಲ್ಲ ಹೆಲ್ಮೆಟ್ ತೆಗೆದು ಸುತ್ತ ನಿಂತರು. ಹಾಲು ಉಕ್ಕಿತು. ಅತ್ತೆ ಪಾತ್ರೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, "ಮುತ್ತೈದೆ ನೀನು, ಮೊದ್ಲು ಒಳಗೆ ಹೋಗಮ್ಮ" ಎಂದು ಪಕ್ಕಕ್ಕೆ ಸರಿದರು. ಮಾವ ಹೋದಮೇಲೆ ಯಾರ ಗೃಹಪ್ರವೇಶವಾದರೂ ಅವರು ಹೀಗೇ ಹಿಂದೆ ನಿಲ್ಲುವುದು. ನಿಲ್ಲಿ ಎಂದು ನಾವ್ಯಾರೂ ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಮೇಸ್ತ್ರಿಯೊಬ್ಬ, ಇಲ್ಲಿನ ಮೂಲನಿವಾಸಿ, ಆಜಾನುಬಾಹು ಮಾವೊರಿ, ಬಾಗಿಲು ತೆರೆದವನು ತಲೆಯಾಡಿಸಿದ. "ನೋ, ನೋ. ಆಂಟಿ ಫಸ್ಟ್."

ನನ್ನ ಹೆಂಡತಿ ಪಾತ್ರೆಯನ್ನು ಅತ್ತೆಯ ಕೈಗೇ ವಾಪಸ್ಸಿಟ್ಟಳು.

"ನಾನಾ?" ಅತ್ತೆ ನನ್ನ ಮುಖ ನೋಡಿದರು.

"ನೀವೇ ಅತ್ತೆ."

ಅತ್ತೆ ಚಪ್ಪಲಿ ಬಿಟ್ಟರು. ಸೆರಗು ಸರಿಮಾಡಿಕೊಂಡು, ಬಲಗಾಲಿಟ್ಟು ಒಳಗೆ ಹೋದರು.