ಉಕ್ಕಿನ ಪಟಾಲಮ್ಮಿನ ಏಳನೇ ಭಾಗ

ಒಂದು ಒಗಟು: ಮೈಯೆಲ್ಲ ಕಬ್ಬಿಣ, ಎದೆಯೊಳಗೊಬ್ಬ ಸಿಪಾಯಿ, ತಲೆ ಆರು, ಬಾಲ ಇಲ್ಲ. ಏನು ಹೇಳಿ?

ಬಿಡಿ, ನಿಮ್ಮಿಂದಾಗಲ್ಲ. ನಮ್ಮ ಎಂಟನೇ ಕ್ಲಾಸಿನ ಮೇಷ್ಟ್ರಿಗೇ ಆಗಲಿಲ್ಲ. ಉತ್ತರ, ‘ಉಕ್ಕಿನ ಪಟಾಲಂ’ ಅನ್ನೋ ಪಾಕೆಟ್ ಕಾದಂಬರಿ. ಅದರಲ್ಲಿ ಪರದೇಶದ ಒಬ್ಬ ಕ್ಯಾಪ್ಟನ್ನೂ ಅವನ ಸಿಪಾಯಿಗಳೂ ತೆಂಗಿನಮರದೆತ್ತರದ ಕಬ್ಬಿಣದ ಆಳುಗಳ ಎದೆಯೊಳಗೆ ಕೂತು, ಹಿಡಿಕೆ ಎಳೆದೆಳೆದು ಯುದ್ಧ ಮಾಡ್ತಾರೆ. ಒಟ್ಟು ಏಳು ಭಾಗ. ನಮ್ಮನೇಲಿರೋದು ಆರು.

ತಂದವನು ನಮ್ಮಣ್ಣ. ಮಿಲಿಟರಿಗೆ ಸೇರಿ ಅಜ್ಜಂಪುರ ಸ್ಟೇಷನ್ನಲ್ಲಿ ರೈಲು ಹತ್ತೋವಾಗ, “ಏಳನೇದು ನಾನು ತರ್ತೀನಿ ಕಣೋ. ಅಷ್ಟರಲ್ಲಿ ಹತ್ತು ಜನಕ್ಕಾದ್ರೂ ಓದಿಸಿರು. ಬಂದ್ಮೇಲೆ ಅದರ ವಿಷಯ ಮಾತಾಡೋಕೆ ಜನ ಬೇಕಲ್ಲ!” ಅಂದ. ಹೋಗಿ ಎರಡು ವರ್ಷ ಆಯ್ತು. ಕಾಗದ ನಿಂತು ನಾಲ್ಕು ತಿಂಗಳಾಯ್ತು. ನಾನು ಓದಿಸ್ತಾನೇ ಇದ್ದೀನಿ. ಯಾರ ಕೈಗೆ ಕೊಟ್ಟರೂ ಒಂದಲ್ಲ ಒಂದು ಎಡವಟ್ಟು ಆಗ್ತಾನೇ ಇದೆ.

ಒಂದನೇ ಭಾಗ, ಪಂಚನಹಳ್ಳಿಗೆ

ಹೊಸಬರು ಇದರಿಂದಲೇ ಶುರು ಮಾಡಬೇಕು. ಮೊದಲ ಪುಟದಲ್ಲೇ ಕಬ್ಬಿಣದ ಆಳು ಒಂದು ಸೇತುವೆ ಎತ್ತಿ ಪಕ್ಕಕ್ಕಿಡ್ತಾನೆ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಪಂಚನಹಳ್ಳಿ ಬಸ್ಸಿಗೆ ಕಾಯ್ತಾ ಕೂತಿದ್ದ ತೆಂಗಿನತೋಟದ ಗೌಡರೊಬ್ಬರಿಗೆ ಕೊಟ್ಟೆ. ಮುಂದಿನ ವಾರ ಅವರೇ ಹುಡುಕ್ಕೊಂಡು ಬಂದ್ರು.

“ಯುದ್ಧ ಗಿದ್ಧ ಹಾಳಾಗ್ಲಿ. ಇವನು ಮರ ಹತ್ತೋದೇ ಬ್ಯಾಡವಲ್ಲೋ! ನಿಂತಲ್ಲೇ ಕಾಯಿ ಕೀಳ್ತಾನೆ. ಎಲ್ಲಿ ಸಿಗ್ತಾನೆ?”

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಕಚೇರೀಲಿ ಅರ್ಜಿ ಹಾಕಿ ಗೌಡ್ರೇ. ಸವೆದುಹೋದವನ್ನ ಸರ್ಕಾರದೋರು ರೈತರಿಗೆ ಕೊಡ್ತಾರಂತೆ.”

ಪುಣ್ಯಾತ್ಮರು ಹಾಕಿಯೇಬಿಟ್ಟರು! ಹದಿನೈದು ದಿನ ಬಿಟ್ಟು ಅದೇ ಬಸ್ ಸ್ಟ್ಯಾಂಡಲ್ಲಿ ಎದುರಾದಾಗ ನಾನು ಓಡೋಕೆ ಪಂಚೆ ಎತ್ತಿಕಟ್ಟಿದ್ದೆ.

“ನಿಂತ್ಕೊಳ್ಳೋ ಲೇ! ಗುಮಾಸ್ತರು ಅರ್ಜೀನ ಮೊದಲಿಂದ ಕೊನೇತನಕ ಓದಿದ್ರು. ಅಂಥ ಆಳು ಇಲ್ಲ ಅಂತ ಒಂದು ಮಾತೂ ಅನ್ನಲಿಲ್ಲ. ತೋಟದ ಪಹಣಿ ಲಗತ್ತಿಸಿಲ್ಲ ಅಂತ ವಾಪಸ್ ಕೊಟ್ರು.”

ಮೂರನೇ ಭಾಗ, ತರೀಕೆರೆಗೆ

ಎರಡನೇದನ್ನು ಹಾರಿಸಿದರೂ ನಷ್ಟವಿಲ್ಲ, ಬರೀ ಕವಾಯತು. ಮೂರನೇದು ರತ್ನ. ಅದನ್ನ ಓದ್ತಾ ತರೀಕೆರೆ ಬಸ್ಸಲ್ಲಿ ಕೂತಿದ್ದಾಗ ಪಕ್ಕಕ್ಕೆ ಬಂದು ಕೂತವರು ಎಂಟನೇ ಕ್ಲಾಸಲ್ಲಿ ನನ್ನನ್ನ ಎರಡು ಸಲ ಫೇಲ್ ಮಾಡಿ, ಸ್ಕೂಲಿನ ಆಸೆಯನ್ನೇ ಬಿಡಿಸಿದ ಮೇಷ್ಟ್ರು. “ಇಂಥ ಕಸ ಓದಿಯೇ ಹೀಗಾಗಿದ್ದೀಯ” ಅಂತ ಪುಸ್ತಕ ಕಿತ್ತು ತಮ್ಮ ಚೀಲಕ್ಕೆ ಹಾಕ್ಕೊಂಡ್ರು. ಅಣ್ಣನ ಪುಸ್ತಕ ಅದು. ಇಳಿಯೋವರೆಗೂ ಆ ಚೀಲದ ಮೇಲೇ ಕಣ್ಣಿಟ್ಟಿದ್ದೆ.

ಮೂರು ವಾರ ಆದ್ಮೇಲೆ ಮೇಷ್ಟ್ರು ಅಜ್ಜಂಪುರಕ್ಕೇ ಬಂದ್ಬಿಟ್ರು. ಆಚೀಚೆ ನೋಡಿ, ಮೆಲ್ಲಗೆ, “ನಾಲ್ಕನೇದು ಇದೆಯೇನೋ?”

“ಇದೆ ಸಾರ್. ಮೊದಲು ಮೂರನೇ ಭಾಗದ ಸಾರಾಂಶವನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಹೇಳಿ.”

ಪಾಪ, ಕೈಕಟ್ಟಿ ನಿಂತು ಹೇಳಿದ್ರು. ಎರಡು ಕಡೆ ತಪ್ಪಿತ್ತು. ಆದರೂ ಪಾಸ್ ಮಾಡಿದೆ. ನಾನು ಅವರಷ್ಟು ಕಟುಕನಲ್ಲ.

ಆರನೇ ಭಾಗ, ಅವ್ವನಿಗೆ

ಅವ್ವನಿಗೆ ಓದು ಬರಲ್ಲ. ದಿನಾ ಸಂಜೆ ನಾನು ಓದೋದು, ಅವಳು ಅವರೆಕಾಯಿ ಸುಲಿಯುತ್ತಾ ಕೇಳೋದು. ನಮ್ಮ ಮಠದಲ್ಲಿ ಶ್ರಾವಣದ ಪುರಾಣ ಹೇಳ್ತಾರಲ್ಲ, ಅಲ್ಲಿ ಒಂದು ಕಟ್ಟಳೆ ಇದೆ: ಯಾರಾದರೂ ಕಷ್ಟದಲ್ಲಿರೋ ಕಡೆ ಪುಸ್ತಕ ಮುಚ್ಚಂಗಿಲ್ಲ. ಒಳ್ಳೇದಾಗೋವರೆಗೂ ಓದಿ, ಮಂಗಳ ಹಾಡಿಯೇ ಏಳಬೇಕು. ಅವ್ವ ಆ ಕಟ್ಟಳೆಯನ್ನ ಪಾಕೆಟ್ ಕಾದಂಬರಿಗೂ ಹಾಕಿದಳು. ಐದು ಭಾಗ ಹೇಗೋ ಸಾಗಿತು. ಆರನೇದರ ಕೊನೇಲಿ ಸೇತುವೆ ಮುರಿದು, ಕ್ಯಾಪ್ಟನ್ ಕೂತಿದ್ದ ಕಬ್ಬಿಣದ ಆಳು ಹೊಳೆಯ ತಳ ಸೇರಿದ. ಎದೆಯ ಬಾಗಿಲು ತೆಗೀತಿಲ್ಲ. ‘ಮುಂದುವರಿಯುವುದು.’

ನಾನು ಪುಸ್ತಕ ಮುಚ್ಚೋಕೆ ಹೋದೆ. ಅವ್ವ ನನ್ನ ಕೈ ಹಿಡಿದುಕೊಂಡಳು.

“ನೀರೊಳಗೆ ಬಿಟ್ಟು ಏಳ್ತೀಯೇನೋ? ಹೆತ್ತೋಳು ಇಲ್ವಾ ಅವನಿಗೆ? ಮುಂದೆ ಓದು.”

ಮುಂದೆ ಇದ್ದದ್ದು ಒಂದೇ ಹಾಳೆ. ಅದನ್ನೇ ತಿರುವಿ, ಕಣ್ಣು ನೆಟ್ಟು, ‘ಓದಿದೆ’: ಕ್ಯಾಪ್ಟನ್ ಬಾಗಿಲು ಒದ್ದ. ಈಜಿದ. ಬುಕ್ಕಾಂಬುಧಿ ಕೆರೆಯಲ್ಲಿ ಮೇಲೆದ್ದ. ಏರಿ ಮೇಲೆ ನಡೆದು ಅಜ್ಜಂಪುರಕ್ಕೆ ಬಂದ.

“ಪರದೇಶದೋನು ಇಲ್ಲಿಗ್ಯಾಕೆ ಬಂದ?”

“ನೀರು ಎಲ್ಲಿಗೆ ಬೇಕಾದ್ರೂ ಹೋಗುತ್ತೆ ಕಣವ್ವ.”

“ಉಂಡನಾ?”

“ಎರಡು ಮುದ್ದೆ, ಅವರೆಕಾಳು ಸಾರು.”

ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡು ಮಂಗಳ ಹಾಡಿದಳು. ಎದ್ದು ಒಳಗೆ ಹೋಗೋಳು ಬಾಗಿಲಲ್ಲಿ ನಿಂತು ಅಂದಳು: “ಆ ಹಾಳೇಲಿ ಹಲ್ಲುಪುಡಿ ಡಬ್ಬಿ ಚಿತ್ರ ಐತೆ, ನಂಗೂ ಕಣ್ಣು ಕಾಣ್ತದೆ. ಇರಲಿ, ನಾಳೇನೂ ಅದನ್ನೇ ಓದು.”

ಏಳನೇ ಭಾಗ

ಆಮೇಲೆ ಒಂದು ಬೆಳಿಗ್ಗೆ ರೈಲಿಂದ ಅಣ್ಣ ಇಳಿದ. ಟ್ರಂಕು ತೆಗೆದು ಏಳನೇ ಭಾಗ ನನ್ನ ಕೈಗಿಟ್ಟ. ಕೊನೇ ಪುಟ ಬಿಚ್ಚಿದರೆ, ಕ್ಯಾಪ್ಟನ್ ಅವರಮ್ಮನ ಎದುರಿಗೆ ಕೂತು ಮುದ್ದೆ ನುಂಗ್ತಿದ್ದಾನೆ! ಬಾಗಿಲಾಚೆ ಪಂಚನಹಳ್ಳಿ ಗೌಡರು ಪಹಣಿ ಹಿಡ್ಕೊಂಡು, ಮೇಷ್ಟ್ರು ಕೈಕಟ್ಟಿಕೊಂಡು, ಇಬ್ಬರೂ ಅಣ್ಣನ ಹತ್ರ ಮಾತಾಡೋಕೆ ಸಾಲಾಗಿ ನಿಂತಿದ್ರು.

ಇಷ್ಟು ಬರೆದು ಅವ್ವನಿಗೂ ಓದಿ ಹೇಳಿದೆ. “ಇದರಲ್ಲಿ ಹಲ್ಲುಪುಡಿ ಎಲ್ಲೋ?” ಅಂದಳು.

ಅವಳ ಹತ್ರ ನಡೆಯದ್ದು ನಿಮ್ಮ ಹತ್ರ ಯಾಕೆ? ಈ ಕೊನೇದನ್ನ ಪೂರ್ತಿ ನಾನೇ ಕಟ್ಟಿದ್ದು. ಅಣ್ಣ ಇನ್ನೂ ಬಂದಿಲ್ಲ. ಮುದ್ದೆ ಮಾತ್ರ ನಿಜ. ಅವ್ವ ದಿನಾ ಒಂದು ಜಾಸ್ತಿ ಮಾಡ್ತಾಳೆ, ನಾನು ತಿಂದು ದಪ್ಪ ಆಗ್ತಿದ್ದೀನಿ.