ನಾನು ಮಾಡದ ಕೊಲೆಗಳು

ಸಂಭಾವಿತನಾಗಿ ಬದುಕುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ಅಂಥ ಕಷ್ಟವೇನಲ್ಲ, ತಕ್ಕ ಮುಖ ಒಂದಿದ್ದರೆ ಸಾಕು. ನನಗೆ ದೇವರು ಅಂಥದೇ ಮುಖ ಕೊಟ್ಟಿದ್ದಾನೆ. ಗಂಗಾವತಿ ಬಸ್ಸಿನಲ್ಲಿ ಗುರುತಿಲ್ಲದ ಹೆಣ್ಣುಮಕ್ಕಳು ತಮ್ಮ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ತಾವು ನಿದ್ದೆ ಹೋಗುತ್ತಾರೆ. ಯಾರದೇ ಮದುವೆಯಿರಲಿ, ಉಗ್ರಾಣದ ಕೀಲಿಕೈ ನನ್ನ ಕಿಸೆಗೇ ಬಂದು ಬೀಳುತ್ತದೆ. ಕಾರಟಗಿಯಲ್ಲಿ ಇಷ್ಟು ವರ್ಷ ಗಣಿತ ಕಲಿಸಿದ್ದೇನೆ, ನಾನು ಹಲಗೆಯ ಮೇಲೆ ಲೆಕ್ಕ ತಪ್ಪು ಮಾಡಿದರೂ ಹುಡುಗರು ತಮ್ಮ ನೋಟ್‌ಬುಕ್ಕಿನ ಸರಿ ಉತ್ತರವನ್ನೇ ತಿದ್ದಿಕೊಳ್ಳುತ್ತಾರೆ. ಇಂಥ ಮುಖದ ಹಿಂದೆ ಏನನ್ನಾದರೂ ಬಚ್ಚಿಡಬಹುದು. ನಾನೂ ಒಂದು ಗುಟ್ಟನ್ನು ಹನ್ನೊಂದು ವರ್ಷ ಬಚ್ಚಿಟ್ಟಿದ್ದೆ.

ಅದು ಅಲುಗಾಡಿದ್ದು ಒಂದು ಸಿನಿಮಾದಿಂದ. ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನೂ ನನ್ನ ಹೆಂಡತಿ ಶರಣಮ್ಮನೂ ಟಿ.ವಿ. ಮುಂದೆ ಕೂತಿದ್ದೆವು. ಸಿನಿಮಾದಲ್ಲೊಬ್ಬ ಔಷಧಿ ಅಂಗಡಿಯವ. ಓಣಿಯ ಮುದುಕಿಯರಿಗೆ ಗುಳಿಗೆ ಮನೆತನಕ ತಂದುಕೊಡುತ್ತಾನೆ, ಹೆಂಡತಿಗೆ ತರಕಾರಿ ಹೆಚ್ಚಿಕೊಡುತ್ತಾನೆ, ಗಿಡಕ್ಕೆ ನೀರು ಹಾಕುತ್ತಾನೆ. ಅಂಥವನು ತಿಂಗಳಿಗೊಂದು ಸಲ ಕೈಚೀಲ ಹಿಡಿದು ಹೊರಗೆ ಹೋಗಿ ಕೊಲೆ ಮಾಡಿ, ಬರುವಾಗ ಹಾಲಿನ ಪಾಕೀಟು ತರುತ್ತಾನೆ. ಹೆಂಡತಿ ಪಾಪ ಆ ಹಾಲಿನಲ್ಲೇ ಚಹಾ ಕಾಸಿಕೊಡುತ್ತಾಳೆ. ನನಗೆ ಮೈ ಜುಮ್ಮೆಂದಿತು. ಶರಣಮ್ಮ ಮಾತ್ರ ಶೇಂಗಾ ಸುಲಿಯುತ್ತ, ತಪ್ಪೆಲ್ಲ ಆ ಹೆಂಡತಿಯದೇ ಅಂತ ತೀರ್ಪು ಕೊಟ್ಟಳು.

“ಗಂಡ ಎಲ್ಲಿಗೆ ಹೋಗ್ಯಾನ, ಏನ್ ಮಾಡ್ಯಾನ ಅನ್ನೂದು ಹೆಂಡ್ತಿಗೆ ಗೊತ್ತಾಗಲಿಲ್ಲ ಅಂದ್ರ ಆಕಿ ಕಣ್ಣು ಇದ್ದೂ ಕುರುಡಿ ನೋಡ್ರಿ. ನನಗಾಗಿದ್ರ ಮೊದಲನೇ ದಿನಾನ ಗೊತ್ತಾಗತಿತ್ತು,” ಅಂದಳು.

ನಾನು ಹೌದೌದು ಅಂದೆ. ಆದರೆ ಅವಳ ಮುಖ ನೋಡದೆ ಶೇಂಗಾಕ್ಕೆ ಕೈ ಹಾಕಿದೆ. ಯಾಕೆಂದರೆ ನಾನೂ ವಾರಕ್ಕೊಮ್ಮೆ ಕೈಯಲ್ಲೊಂದು ಚೀಲ ಹಿಡಿದು ಹೊರಗೆ ಹೋಗುವವನೇ.

ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಿನಲ್ಲಿ ಮನೆಗಿಂತ ಅಕ್ಕಿ ಮಿಲ್ಲೇ ಹೆಚ್ಚು ಅನ್ನಬಹುದು, ಮಿಲ್ಲಿದ್ದಲ್ಲಿ ಇಲಿ ಇದ್ದೇ ಇರುತ್ತವೆ. ಬೇರೆಯವರ ಮನೆಗೆ ಅವು ಕಾಳಿಗಾಗಿ ಬರುತ್ತವೆ. ನಮ್ಮ ಮನೆಗೆ ಬಟ್ಟೆಗಾಗಿಯೂ ಬರುತ್ತವೆ, ಏಕೆಂದರೆ ಶರಣಮ್ಮ ಹೊಲಿಗೆಯವಳು. ಅವಳು ಹೊಲಿದ ಜಂಪರು ತೊಟ್ಟು ಮದುಮಗಳಾಗಬೇಕೆಂದು ಇರಕಲ್ಲಗಡದಿಂದಲೂ ಬರುವವರಿದ್ದಾರೆ. ಹನ್ನೊಂದು ವರ್ಷದ ಹಿಂದೆ ಅಂಥದೊಂದು ರೇಶಿಮೆ ಜಂಪರಿನ ತೋಳನ್ನು ಇಲಿ ಕಡಿದುಹಾಕಿತು. ಇವಳು ಎರಡು ದಿನ ಅತ್ತು, ಮೂರನೆಯ ದಿನ ಬೋನು ತರಿಸಿದಳು. ಬೋನಿನಲ್ಲಿ ಬಿದ್ದದ್ದನ್ನು ಕಾಲುವೆ ನೀರಿನಲ್ಲಿ ಮುಳುಗಿಸಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಗಂಡಸರ ಕೆಲಸ ಅಂದಳು. ಆ ಮಾತಿಗೆ ಇಲ್ಲವೆನ್ನುವ ಗಂಡಸು ನಾನಲ್ಲ.

ಬೋನನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ದಾರಿಯಲ್ಲಿ ಮುಚ್ಚಿಹೋದ ಹಳೆಯ ಮಿಲ್ಲೊಂದಿದೆ, ಅದರ ಗೋಡೆ ಹಿಂದೆ ನಿಂತು ಚೀಲ ತೆರೆದು ನೋಡಿದೆ. ಇಲಿ ಎರಡೂ ಕೈಯಲ್ಲಿ ತಂತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿತ್ತು. ಲೆಕ್ಕ ಬಾರದೆ ಹಲಗೆಯ ಮುಂದೆ ನಿಂತ ಹುಡುಗರು ಹೀಗೇ ನೋಡುತ್ತಾರೆ. ಅವರನ್ನು ನಾನು ಒಂದು ದಿನವೂ ಹೊಡೆದಿಲ್ಲ, ಹೋಗಿ ಕೂಡು ಅನ್ನುತ್ತೇನೆ. ಇದಕ್ಕೂ ಹೋಗು ಅಂದು ಬಾಗಿಲೆತ್ತಿದೆ. ಆಮೇಲೆ ಚಹಾದಂಗಡಿಯಲ್ಲಿ ಕೂತು, ಒಂದು ಕೊಲೆಗೆ ಬೇಕಾದಷ್ಟು ಹೊತ್ತು ಕಳೆದು ಮನೆಗೆ ಬಂದೆ.

ನಿಜ ಹೇಳಿಬಿಡಬೇಕು ಅಂತಲೇ ಬಂದಿದ್ದೆ. ಆದರೆ ಶರಣಮ್ಮ ಬಾಗಿಲಲ್ಲೇ ತಂಬಿಗೆ ಹಿಡಿದು ನಿಂತಿದ್ದಳು. ಹೆಣ ಮಣ್ಣು ಮಾಡಿ ಬಂದವರಿಗೆ ಮಾಡುವ ಹಾಗೆ ಕಾಲಿಗೆ ನೀರು ಕೊಟ್ಟಳು, ಬಿಸಿನೀರು ತೋಡಿದಳು, ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟು ಎದುರಿಗೇ ಕೂತಳು. “ಭಾಳ ಸಂಕಟ ಆತೇನ್ರಿ?” ಅಂತ ಕೇಳಿದಳು. ಮದುವೆಯಾದಾಗಿನಿಂದ ಅಷ್ಟು ಮೆತ್ತಗೆ ಅವಳು ನನ್ನನ್ನು ಏನೂ ಕೇಳಿರಲಿಲ್ಲ. ಆಗಲಿಲ್ಲ ಅನ್ನಲು ಬಾಯಿ ಬರಲಿಲ್ಲ. ಸ್ವಲ್ಪ ಆತು ಅಂದೆ, ಮಂಡಕ್ಕಿ ತಿಂದೆ.

ಒಂದು ಸುಳ್ಳು ನಿಂತರೆ ಉಳಿದವು ಅದರ ಹೆಗಲ ಮೇಲೆ ನಿಲ್ಲುತ್ತವೆ. ಓಣಿಯಲ್ಲಿ ನನ್ನ ಹೆಸರು ಹಬ್ಬಿತು. ಎದುರುಮನೆಯ ನೀಲಮ್ಮ ತಮ್ಮ ಬೋನನ್ನೂ ಕಳಿಸತೊಡಗಿದರು. ಸರ್ ನೋಡಾಕ ಸಾಧು ಅದಾರ, ಕೈ ಮಾತ್ರ ಗಟ್ಟಿ ಅಂತ ನಾಲ್ಕು ಮಂದಿಯ ಮುಂದೆ ಹೇಳಿದರು. ನನಗೆ ಒಳಗೊಳಗೇ ಖುಷಿಯಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಮಳೆ ಬಿಸಿಲು ಎನ್ನದೆ ಹನ್ನೊಂದು ವರ್ಷ ಕೊಲೆಗೆ ಹೋಗಿ ಬಂದೆ. ಹಳೆಯ ಮಿಲ್ಲಿನ ಗೋಡೆಗೂ ನಮ್ಮ ಮನೆಗೂ ಹೆಚ್ಚು ದೂರವಿಲ್ಲ. ನಾನು ಚಹಾ ಕುಡಿದು ಬರುವುದರೊಳಗೆ ಅವು ಮನೆ ಸೇರಿರುತ್ತಿದ್ದವು. ಮೊಂಡ ಬಾಲದ ಇಲಿಯೊಂದನ್ನು ನಾನೇ ಮೂರು ಸಲ ಕೊಂದಿದ್ದೇನೆ. ಇವುಗಳ ಮನೆತನದಾಗ ಎಲ್ಲರದೂ ಮೊಂಡ ಬಾಲನ ನೋಡ್ರಿ ಅಂತ ಶರಣಮ್ಮ ಸೋಜಿಗಪಟ್ಟಳೇ ಹೊರತು ಬೇರೇನನ್ನೂ ಅನುಮಾನಿಸಲಿಲ್ಲ.

ಸಿನಿಮಾ ನೋಡಿದ ಮೇಲೆ ಮಾತ್ರ ನನಗೆ ಅವಳ ಕಣ್ಣಿನ ಭಯ ಹುಟ್ಟಿತು. ಚೀಲ ಎತ್ತಿಕೊಂಡಾಗ ಅವಳು ಸುಮ್ಮನೆ ನೋಡಿದರೂ ಪೊಲೀಸರು ನೋಡಿದಂತಾಗುತ್ತಿತ್ತು. ಅವಳಿಗೋ ಆಗ ಬೇರೆಯದೇ ಚಿಂತೆ. ಬಲಗೈ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು, ಕತ್ತರಿ ಹಿಡಿದರೆ ನೋವು ಮೊಣಕೈತನಕ ಏರುತ್ತಿತ್ತು. ಗಂಗಾವತಿಯ ಡಾಕ್ಟರು ಇದು ಕತ್ತರಿಯಿಂದಲೇ ಬಂದದ್ದು, ಎರಡು ತಿಂಗಳು ಕೈಗೆ ವಿಶ್ರಾಂತಿ ಕೊಟ್ಟು ಔಷಧ ಮಾಡಿದರೆ ಹೋಗುತ್ತದೆ ಅಂದಿದ್ದರು. ಅವಳು ಔಷಧದ ಚೀಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ ಸುಮ್ಮನಾದಳು. ಕೇಳಿದರೆ, ಇದು ಔಷಧಕ್ಕೆ ಹೋಗುವ ಬ್ಯಾನಿ ಅಲ್ಲ, ದೀಪಾವಳಿ ಆದಮೇಲೆ ಮಷೀನು ಮಾರಿಬಿಡೋಣ ಅಂದಳು. ಅವಳ ಮಷೀನಿನ ಸದ್ದಿಲ್ಲದ ಮನೆಯನ್ನು ನನಗೆ ಯೋಚಿಸಲೂ ಆಗಲಿಲ್ಲ. ಇಷ್ಟು ವರ್ಷ ಆ ಸದ್ದಿನ ಪಕ್ಕದಲ್ಲೇ ಕೂತು ನಾನು ಉತ್ತರ ಪತ್ರಿಕೆ ತಿದ್ದಿದ್ದೇನೆ.

ಅಷ್ಟರಲ್ಲಿ ಗಣಪತಿ ಹಬ್ಬ ಬಂತು. ನಮ್ಮ ಕಡೆ ಚೌತಿಯ ಮರುದಿನ ಇಲಿವಾರ. ಹೊಲಿಯುವವರು ಆ ದಿನ ಮಷೀನು ತುಳಿಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಗಣಪ್ಪನ ವಾಹನಕ್ಕೆ ಕಡುಬು ಎಡೆ ಇಟ್ಟು, ವರ್ಷವಿಡೀ ಬಟ್ಟೆಗೆ ಬಾಯಿ ಹಾಕಬೇಡಪ್ಪ ಅಂತ ಬೇಡಿಕೊಳ್ಳುತ್ತಾರೆ. ವರ್ಷವೆಲ್ಲ ಬೋನಿಟ್ಟು ಒಂದು ದಿನ ಕಡುಬು ಇಡುವ ಈ ಪದ್ಧತಿಯನ್ನು ನಾನು ಎಷ್ಟೋ ಸಲ ಗೇಲಿ ಮಾಡಿದ್ದೆ. ಅವಳು ಹೊಲಿಗೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಪೂಜೆ ಮುಗಿಸುತ್ತಿದ್ದಳು. ಈ ಸಲ ನನ್ನ ಕನ್ನಡಕ ಆ ಕೋಣೆಯಲ್ಲೇ ಉಳಿದಿತ್ತು. ತರಲು ಹೋದವನು ಬಾಗಿಲ ಸಂದಿಯಲ್ಲೇ ನಿಂತುಬಿಟ್ಟೆ.

ಶರಣಮ್ಮ ಮಷೀನಿನ ಮುಂದೆ ಕೂತು, ನೋಯುವ ಬಲಗೈಯನ್ನು ಕಡುಬಿನ ತಾಟಿನ ಪಕ್ಕ ಅಂಗಾತ ಚಾಚಿದ್ದಳು.

“ಗಣಪ್ಪ, ಈ ವರ್ಷಾನೂ ನಿನ್ನ ಮಂದೀನ ನೀರಿಗೆ ಹಾಕಿಸೀನಿ,” ಅನ್ನುತ್ತಿದ್ದಳು. “ಹಾಕಿದವ್ರು ಅವ್ರಾದ್ರೂ ಹಾಕು ಅಂದಾಕಿ ನಾನು. ಅವ್ರ ಜೀವ ಭಾಳ ಮೆತ್ತಗ ಐತಿ. ನನ್ನ ಸಲುವಾಗಿ ಮಾಡ್ಯಾರ. ಪಾಪ ಎಲ್ಲಾ ನನ್ನ ಕೈಗೇ ಇರಲಿ. ಹೊಲಿಯೂ ಕೈ ಬೇಕಂದ್ರ ತಗೋ, ಅವ್ರಿಗೆ ಏನೂ ಮಾಡಬ್ಯಾಡ.”

ಸಿನಿಮಾದ ಆ ಔಷಧಿ ಅಂಗಡಿಯವನನ್ನು ಕೊನೆಗೆ ಪೊಲೀಸರು ಹಿಡಿದಾಗ ಅವನ ಮುಖ ಹೇಗಿತ್ತೋ ನೆನಪಿಲ್ಲ. ನನ್ನದು ಅದಕ್ಕಿಂತ ಕೆಟ್ಟದಾಗಿದ್ದಿರಬೇಕು. ನಾನು ಮಂಡಕ್ಕಿ ತಿಂದ ಪ್ರತಿ ವಾರದ ಪಾಪವನ್ನೂ ಇವಳು ಹನ್ನೊಂದು ವರ್ಷ ತನ್ನ ಕೈಗೆ ಬೇಡಿಕೊಂಡಿದ್ದಾಳೆ, ಅದೂ ನಡೆಯದೇ ಇದ್ದ ಪಾಪವನ್ನು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಒಳಗೆ ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಹಳೆಯ ಮಿಲ್ಲಿನ ಗೋಡೆ, ಚಹಾದಂಗಡಿ, ಮೊಂಡ ಬಾಲ, ಯಾವುದನ್ನೂ ಬಿಡಲಿಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಡುಬಿನ ತಾಟು ಬದಿಗೆ ಸರಿಸಿ ನನ್ನ ಕಡೆ ತಿರುಗಿದಳು.

“ಒಂದೂ ಕೊಂದಿಲ್ಲೇನ್ರಿ?”

“ಒಂದೂ ಇಲ್ಲ.”

“ಬ್ಯಾಸಗ್ಯಾಗೂ ಮುಳುಗಿಸಿ ಬಂದೆ ಅಂತಿದ್ರಿ,” ಅಂದಳು ಮೆಲ್ಲಗೆ. “ಬ್ಯಾಸಗ್ಯಾಗ ಕಾಲುವಿ ಬಂದ್ ಇರತೈತಿ. ಹನಿ ನೀರಿರಂಗಿಲ್ಲ.”

ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಅನ್ನುವುದು ಈ ಭತ್ತದ ಸೀಮೆಯಲ್ಲಿ ಕೂಸಿಗೂ ಗೊತ್ತು. ನಮ್ಮ ಮದುವೆ, ಸೀಮಂತ ಎಲ್ಲ ನಿಲ್ಲುವುದು ಆ ನೀರಿನ ಮೇಲೆಯೇ. ಹನ್ನೊಂದು ಬೇಸಿಗೆ ನಾನು ಒಣ ಕಾಲುವೆಯಲ್ಲಿ ಇಲಿ ಮುಳುಗಿಸಿ ಬಂದಿದ್ದೆ, ಅವಳು ಹನ್ನೊಂದು ಬೇಸಿಗೆ ನನ್ನ ಕಾಲಿಗೆ ನೀರು ಹಾಕಿದ್ದಳು. ಕಣ್ಣಿದ್ದೂ ಕುರುಡಿ ಅಂತ ಸಿನಿಮಾದವಳಿಗೆ ಅಂದದ್ದು ಇಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು. ಅವಳು ನಗಲು ಶುರುಮಾಡಿದಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀವು ಹೇಳಿದ್ರಿ ಅಂದಮ್ಯಾಲೆ ನೀರಿನ ನೆನಪ್ಯಾಕ ಆದೀತು ಅಂದಳು. ಆಮೇಲೆ ಕೈ ತಿರುಗಿಸಿ ಹೆಬ್ಬೆರಳು ನೋಡಿಕೊಂಡು, ಹಂಗಾರ ಇದು ಕತ್ತರಿ ಬ್ಯಾನಿನ ಏನು ಅಂತ ಕೇಳಿದಳು. ನಾನು ಎದ್ದು ಫೋಟೋದ ಹಿಂದಿನ ಚೀಟಿ ತೆಗೆದುಕೊಟ್ಟೆ.

ಈಗ ಬೋನಿನಲ್ಲಿ ಇಲಿ ಬಿದ್ದರೆ ಇಬ್ಬರೂ ಬೈಕಿನಲ್ಲಿ ಹೇಮಗುಡ್ಡದ ದಾರಿ ಹಿಡಿಯುತ್ತೇವೆ. ಅವಳೇ ಚೀಲ ಹಿಡಿದು ಹಿಂದೆ ಕೂರುತ್ತಾಳೆ, ಅವಳೇ ಬಾಗಿಲು ಎತ್ತುತ್ತಾಳೆ. ಅಷ್ಟು ದೂರದಿಂದ ಮೊಂಡ ಬಾಲದವನೂ ಇನ್ನೂ ಬಂದಿಲ್ಲ. ಓಣಿಯವರಿಗೆ ಮಾತ್ರ ಏನೂ ಹೇಳಿಲ್ಲ. ನಿಮ್ಮ ಹೆಸರು ಯಾಕ ಕೆಡಸೂದು ಅಂದಳು.

ಅವಳ ಕೈಗೆ ಎರಡು ತಿಂಗಳು ರಜೆ ಕೊಟ್ಟು ಕತ್ತರಿಸುವ ಕೆಲಸ ನಾನು ವಹಿಸಿಕೊಂಡೆ. ಅಳತೆ, ಕೋನ, ಅರ್ಧವೃತ್ತ ಎಲ್ಲ ನನ್ನ ವಿಷಯವೇ ತಾನೇ ಅಂತ ಜಂಬವಿತ್ತು. ಮೊದಲು ಸಿಕ್ಕಿದ್ದು ನೀಲಮ್ಮನವರ ಜಂಪರಿನ ಅರಿವೆ. ಮೂರು ಸಲ ಲೆಕ್ಕ ಹಾಕಿ, ಗೆರೆ ಎಳೆದು, ಬಹಳ ಹುಷಾರಾಗಿ ಕುತ್ತಿಗೆ ತೆಗೆಯಬೇಕಾದಲ್ಲಿ ತೋಳು ತೆಗೆದುಬಿಟ್ಟೆ. ಮರುದಿನ ನೀಲಮ್ಮ ಬಂದಾಗ ನಾನು ಪೇಪರು ಅಡ್ಡ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಶರಣಮ್ಮ ಅರಿವೆಯನ್ನು ಮಡಚಿ ಬದಿಗಿಟ್ಟು, ನನ್ನ ಕಡೆ ತಿರುಗದೆ ಹೇಳಿದಳು:

“ಇಲಿ ಕಡದೈತ್ರಿ ಅಕ್ಕಾ. ತಪ್ಪು ತಿಳ್ಕೋಬ್ಯಾಡ್ರಿ, ಬ್ಯಾರೆ ಅರಿವಿ ತಂದು, ಕೈ ನೆಟ್ಟಗಾದಮ್ಯಾಲೆ ನಾನ ಹೊಲದು ಕೊಡತೀನಿ.”

ನೀಲಮ್ಮ ಮರುಗಿದರು. ಹೋಗುವಾಗ ನನ್ನ ಕಡೆ ತಿರುಗಿ, ಅದನ್ನ ಹಿಡದು ಬಿಡಬ್ಯಾಡ್ರಿ ಸರ್, ನಿಮ್ಮ ಕೈಯಾಗ ಸಿಕ್ಕದ್ದು ಉಳಿಯಂಗಿಲ್ಲ ಅಂದರು. ನಾನು ನನ್ನ ಸಂಭಾವಿತ ಮುಖವನ್ನು ಪೇಪರಿನಿಂದ ಹೊರಗೆ ತೆಗೆದು, ಆಗಲ್ರಿ ಅಂದೆ.