ತಂತಿ ಯಾರ ಕೋಣೆಗೆ ಮೊದಲು?

ವರ್ಗಾವಣೆಗೆ ಕಾಯುತ್ತಿರುವವನ ಮನೆಯಲ್ಲಿ ಬೇಕಾದಾಗ ಸೌಟು ಸಿಗುವುದಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಪೂರ್ತಿ, ತಿರುವನಂತಪುರದ ಉಳ್ಳೂರಿನ ಬಾಡಿಗೆ ಮನೆಯಲ್ಲಿ ನಾವು ಸಾರನ್ನು ಲೋಟದಲ್ಲಿ ಮೊಗೆದು ಬಡಿಸಿಕೊಂಡವರು. ಸೌಟು, ಜರಡಿ, ಚಕ್ಕುಲಿ ಒರಳು ಎಲ್ಲವೂ ಮರದ ಪೆಟ್ಟಿಗೆ ಸೇರಿದ್ದವು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಮೈಸೂರು’ ಎಂದು ಬರೆದಾಗಿತ್ತು. ನನ್ನ ಹೆಂಡತಿ ಸರೋಜ ಅವಸರದವಳೇನಲ್ಲ. ಆದರೆ ಆರು ವರ್ಷದ ಮಗಳು ಉಷಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡತೊಡಗಿದ್ದಳು. ಊಟಕ್ಕೆ ಬಾ ಎಂದರೆ ‘ಎನಿಕ್ಕು ವೇಂಡ’ ಎಂದು ಬೇಡವೆನ್ನುವಳು. ರಜಕ್ಕೆ ಊರಿಗೆ ಹೋದಾಗ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಸರೋಜ ದುಭಾಷಿಯಾಗಿ ಕೂತು, ಆಮೇಲೆ ಹಿತ್ತಲಿಗೆ ಹೋಗಿ ಅತ್ತಿದ್ದಳು. ಜೂನ್ ತಿಂಗಳಲ್ಲಿ ಮಗುವನ್ನು ಮೈಸೂರಿನ ಕನ್ನಡ ಶಾಲೆಗೆ ಸೇರಿಸಬೇಕು. ನಮ್ಮ ಮನೆಗಿದ್ದದ್ದು ಅದೊಂದೇ ಪಂಚವಾರ್ಷಿಕ ಯೋಜನೆ.

ವರ್ಗಾವಣೆಯೇನೋ ಮಂಜೂರಾಗಿತ್ತು, ಬಿಡುಗಡೆಯಾಗಬೇಕಿತ್ತು. ನಿಶ್ಚಿತಾರ್ಥ ಮುರಿದ ಮನೆಗಳವರಿಗೆ ಈ ಎರಡರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೇಂದ್ರ ಸರ್ಕಾರಿ ಕಚೇರಿಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ನಾವೆಲ್ಲ ಬೆವರುತ್ತಿದ್ದರೆ ಅದು ತಣ್ಣನೆಯ ಕೋಣೆಯಲ್ಲಿ ಕೂತಿತ್ತು. ಅಲ್ಲಿಂದ ಡೈರೆಕ್ಟರರ ಕೋಣೆಗೆ, ಲೆಕ್ಕಪತ್ರದ ಕುರುಪ್ಪರ ಕೋಣೆಗೆ, ಉಗ್ರಾಣದ ಪಿಳ್ಳೆಯವರ ಕೋಣೆಗೆ ತಂತಿ ಎಳೆಯಬೇಕು. ಕೊಚ್ಚಿಯ ಶಾಖೆಗೆ ಟೆಲಿಫೋನ್ ಲೈನಿನ ಮೂಲಕ ಸಂಪರ್ಕ ಕೊಡಬೇಕು. ಅದರ ನಕ್ಷೆ ಬರೆದು ಎಲ್ಲರ ಸಹಿ ತಂದರೆ ಮರುದಿನವೇ ನನ್ನನ್ನು ಮೈಸೂರಿಗೆ ಬಿಡುವುದಾಗಿ ಡೈರೆಕ್ಟರ್ ಮಾತು ಕೊಟ್ಟರು. ನಾಲ್ಕು ಗೆರೆ, ನಾಲ್ಕು ಸಹಿ. ಆ ಸಂಜೆಯೇ ಸರೋಜ ಸೌಟನ್ನು ಪೆಟ್ಟಿಗೆಗೆ ಹಾಕಿದಳು.

ಮೊದಲು ನೇರ ಸಾಲಿನ ನಕ್ಷೆ ಬರೆದೆ. ಒಂದೇ ಉದ್ದನೆಯ ತಂತಿ, ದಾರಿಯಲ್ಲಿ ಸಿಕ್ಕ ಕೋಣೆಗೊಂದು ಕವಲು. ಖರ್ಚೂ ಕಡಿಮೆ. ಉಗ್ರಾಣ ಕಟ್ಟಡದ ತುದಿಯಲ್ಲಿದ್ದದ್ದರಿಂದ ಪಿಳ್ಳೆಯವರು ಕೊನೆಗೆ ಬಂದರು. ಓಣದ ಹಬ್ಬದೂಟದಲ್ಲಿ ಕೊನೆಯ ಪಂಕ್ತಿಯವರ ಎಲೆಗೆ ಎಷ್ಟು ಪಾಯಸ ಬೀಳುತ್ತದೆಂದು ತಮಗೆ ಗೊತ್ತಿದೆ ಎಂದು ಅವರು ನಕ್ಷೆಯನ್ನು ಮಡಿಸಿ ನನ್ನ ಕೈಗಿತ್ತರು. ವಿದ್ಯುತ್ತು ಪಾಯಸವಲ್ಲ, ಎಲ್ಲರಿಗೂ ಒಂದೇ ಸಮ ಹರಿಯುತ್ತದೆ ಎಂದು ನಾನು ಹೇಳಬಹುದಿತ್ತು. ಬದಲಿಗೆ ತಂತಿಯನ್ನು ಆ ತುದಿಯಿಂದ ಹೊರಡಿಸಿ, ಕುರುಪ್ಪರನ್ನು ಕೊನೆಗೆ ತಂದೆ. ಕುರುಪ್ ನಕ್ಷೆ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು.

ಹಾಗಾದರೆ ಮೊದಲು ಕೊನೆ ಎಂಬುದೇ ಬೇಡವೆಂದು ಬಳೆಯ ಹಾಗೆ ದುಂಡಗೆ ಬರೆದೆ. ಒಬ್ಬರ ಸಂದೇಶ ಪಕ್ಕದವರ ಕೋಣೆ ಹಾದು ಮುಂದಿನವರಿಗೆ ಹೋಗುತ್ತದೆ, ಎಲ್ಲರೂ ಸಮಾನರು. ಸಮಾನತೆ ಎಂಬುದು ಸಂವಿಧಾನದಲ್ಲಿರಬೇಕೇ ಹೊರತು ಆಫೀಸಿನಲ್ಲಿರಬಾರದೆಂದು ನನಗೆ ಅಂದು ಗೊತ್ತಾಯಿತು. ತಮ್ಮ ಲೆಕ್ಕ ಪಿಳ್ಳೆಯವರ ಕೋಣೆ ಹಾದು ಹೋಗುವುದೇ ಎಂದು ಕುರುಪ್ ಕೇಳಿದರು. ಸುಮ್ಮನೆ ಹಾದು ಹೋಗುತ್ತದೆ ಅಷ್ಟೇ ಎಂದೆ. ಉಗ್ರಾಣ ಹಾದು ಹೋದದ್ದು ಯಾವುದು ತಾನೇ ಇಡಿಯಾಗಿ ಹೊರಬಂದಿದೆ ಎಂದು ಅವರು ನಿಟ್ಟುಸಿರು ಬಿಟ್ಟರು.

ಅಷ್ಟರಲ್ಲಿ ಕೊಚ್ಚಿಯವರ ಒಪ್ಪಿಗೆಗಾಗಿ ಹೋಗಿಬರಬೇಕಾಯಿತು. ಒಂದು ಕಟ್ಟಡದೊಳಗಿನ ಜಾಲ ಬೇರೆ, ಊರಿಂದೂರಿಗೆ ಹೋಗುವ ಜಾಲವೇ ಬೇರೆ. ದೂರ ಹೆಚ್ಚಿದಂತೆ ಮನಸ್ತಾಪ ಕಡಿಮೆಯಾದೀತೆಂದು ನಾನು ನಂಬಿದ್ದೆ. ರೈಲಿನಲ್ಲಿ ಎರ್ನಾಕುಲಂ, ಅಲ್ಲಿಂದ ದೋಣಿಯಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡ್. ಶಾಖೆಯ ಮುಖ್ಯಸ್ಥರಾದ ತೋಮಸ್ ಚಹಾ ತರಿಸಿ, ನಕ್ಷೆ ಹರಡಿ, ಬಹಳ ಹೊತ್ತು ನೋಡಿ, ಕೊಚ್ಚಿಯನ್ನು ಯಾಕೆ ಕೆಳಗೆ ಬರೆದಿದ್ದೀರಿ ಎಂದು ಕೇಳಿದರು. ಭೂಪಟದಲ್ಲಿ ಕೊಚ್ಚಿ ಮೇಲಿದೆ, ತಿರುವನಂತಪುರ ಕೆಳಗಿದೆ. ಮಾತು ನಿಜ. ಹಿಂದಿರುಗುವ ದೋಣಿಯಲ್ಲಿ ನಕ್ಷೆಯನ್ನೂ ನನ್ನನ್ನೂ ಒಟ್ಟಿಗೆ ನೀರಿಗೆ ಹಾಕುವ ಆಲೋಚನೆ ಬಂತು. ಜೀವನದಲ್ಲಿ ಅಷ್ಟು ಕೈಚೆಲ್ಲಿ ಕೂತದ್ದು ಮತ್ತೆಂದೂ ಇಲ್ಲ. ಮನೆಗೆ ಬಂದರೆ ಮೈಸೂರಿನ ಶಾಲೆ ತೆರೆಯಲು ಹತ್ತೇ ದಿನ ಉಳಿದಿದೆ ಎಂದು ಸರೋಜ ನೆನಪಿಸಿದಳು.

ಕೊನೆಗೆ ನಕ್ಷತ್ರದ ಆಕಾರಕ್ಕೆ ಶರಣಾದೆ. ಕಂಪ್ಯೂಟರ್ ನಡುವೆ, ಪ್ರತಿಯೊಬ್ಬರಿಗೂ ಅಲ್ಲಿಂದ ಸ್ವಂತ ತಂತಿ. ಯಾರೂ ಯಾರ ಹಿಂದೆಯೂ ಇಲ್ಲ. ಕುರುಪ್ಪರ ತಂತಿ ಪಿಳ್ಳೆಯವರ ತಂತಿಗೆ ಸೋಕದಂತೆ ತಾರಸಿ ಹತ್ತಿಸಿ ಇಳಿಸಿದೆ. ಪಿಳ್ಳೆಯವರದು ಪೂರ್ವದ ಗೋಡೆಯಿಂದಲೇ ಒಳಬರಬೇಕೆಂದು ಕಟ್ಟಡಕ್ಕೆ ಅರ್ಧ ಪ್ರದಕ್ಷಿಣೆ ಹಾಕಿಸಿದೆ. ಕೊಚ್ಚಿಯನ್ನು ಕಾಗದದ ನೆತ್ತಿಗೆ ಏರಿಸಿದೆ. ಎಲ್ಲ ತಂತಿಗಳಿಗೂ ಒಂದನೇ ನಂಬರನ್ನೇ ಕೊಟ್ಟೆ. ಯಾವುದು ಯಾವ ಒಂದು ಎಂಬುದು ನನಗೆ ಮಾತ್ರ ತಿಳಿಯುತ್ತಿತ್ತು. ಇಲ್ಲಿಯ ಸಹಿಗಳು ಒಂದೇ ದಿನದಲ್ಲಿ ಬಿದ್ದವು, ಕೊಚ್ಚಿಯದು ಮರುಟಪಾಲಿನಲ್ಲಿ ಬಂತು. ನನ್ನ ಕಣ್ಣಲ್ಲಿ ನೀರೇ ಬಂತು.

ಡೈರೆಕ್ಟರ್ ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಈ ತಂತಿ ಕಡಿದರೆ ಯಾರು ಸರಿಮಾಡುತ್ತಾರೆ ಎಂದು ಕೇಳಿದರು. ‘ನಾನು’ ಎಂದೆ. ನೀವಲ್ಲದೆ ಇನ್ಯಾರಿದ್ದಾರೆ ಎಂದು ಕೇಳಿದರು. ಯೋಚಿಸಿದೆ, ಯಾರೂ ಹೊಳೆಯಲಿಲ್ಲ. “ಹಾಗಾದರೆ ನಿಮ್ಮನ್ನು ಹೇಗೆ ಬಿಡಲಿ, ರಾವ್?” ಎಂದರು. ಆ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. ವರ್ಗಾವಣೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿದರು.

ಮನೆಯಲ್ಲಿ ವಿಷಯ ಹೇಳಿದೆ. ಸರೋಜ ಕೂಗಾಡುತ್ತಾಳೆಂದು ಹೆದರಿದ್ದೆ. ಅವಳು ಉಷಾಳ ತಲೆ ಬಾಚುತ್ತಲೇ ಇದ್ದಳು.

“ಆ ನಾಲ್ಕು ಜನದಲ್ಲಿ ಒಬ್ಬರಿಗಾದರೂ ನೀವು ಆಗಲ್ಲ ಅಂದಿದ್ರೆ, ಬೇರೆ ಯಾರನ್ನಾದರೂ ಹುಡುಕಿ ನಿಮ್ಮನ್ನ ಓಡಿಸ್ತಿದ್ರು ಕಣ್ರೀ,” ಎಂದಳು. “ಆಗಲ್ಲ ಅನ್ನಕ್ಕೆ ನಿಮಗೆ ನಾನೊಬ್ಬಳೇ ಸಿಗೋದು.”

ಆ ಮಾತು ರಾತ್ರಿಯೆಲ್ಲ ಚುಚ್ಚಿತು. ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿಕೊಂಡೇ ಆಫೀಸಿಗೆ ಹೋದೆ. ಕುರುಪ್ ಬಾಗಿಲಲ್ಲೇ ನಿಂತಿದ್ದರು. ತಮ್ಮ ತಂತಿ ಪಿಳ್ಳೆಯವರದಕ್ಕಿಂತ ಒಂದು ಗೇಣು ಮೇಲೆ ಹೋದರೆ ಚೆನ್ನಾಗಿತ್ತು ಎಂದರು. ಸಾಧ್ಯವೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ.

“ಆಗಲಿ ಸಾರ್,” ಎಂದೆ.